ಹೆಲಿಕಾಪ್ಟರ್ ಕಲಿಯಲು ಅಮೆರಿಕದ ಶಾಲೆಯನ್ನು ನಾನು ಆರಿಸಿಕೊಂಡ ಬಗೆ

ವಿದೇಶಕ್ಕೆ ಹೋಗಿ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿಯಬೇಕೆಂದಿರುವವರು ನನಗೆ ಫೋನ್ ಮಾಡಿದಾಗ ಮೊದಲು ಕೇಳುವುದು ಗಂಟೆಗೆ ಎಷ್ಟು ಡಾಲರ್ ಎಂದು. ಅದು ಕೇಳಲೇಬೇಕಾದ ಪ್ರಶ್ನೆ, ಆದರೆ ಮೊದಲು ಕೇಳಬೇಕಾದ ಪ್ರಶ್ನೆಯಲ್ಲ. ಶಾಲೆ ಹುಡುಕಲು ಕುಳಿತಾಗ ನಾನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದೆ: ಲೈಸೆನ್ಸ್ ಕೈಗೆ ಬಂದ ಮರುದಿನ ನಾನು ಎಲ್ಲಿ, ಯಾವ ವೀಸಾದ ಮೇಲೆ, ಯಾರ ಖರ್ಚಿನಲ್ಲಿ ಹಾರುತ್ತಿರುತ್ತೇನೆ? ಅಮೆರಿಕದ ವಾಯುಯಾನ ಆಡಳಿತವಾದ ಎಫ್‌ಎಎ ನಿಯಮದ ಪ್ರಕಾರ ಒಟ್ಟು 150 ಗಂಟೆಗಳ ಹಾರಾಟಕ್ಕೆ ವಾಣಿಜ್ಯ ಪೈಲಟ್ ಲೈಸೆನ್ಸ್ ಸಿಗುತ್ತದೆ. ಆದರೆ 150 ಗಂಟೆಯ ಪೈಲಟ್‌ನ ಕೈಗೆ ಟರ್ಬೈನ್ ಎಂಜಿನ್‌ನ ಹೆಲಿಕಾಪ್ಟರ್ ಕೊಡಲು ಅಲ್ಲಿನ ಕಂಪನಿಗಳೂ ಅವುಗಳಿಗೆ ವಿಮೆ ಮಾಡುವವರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವರು ಕೇಳುವುದು ಸಾವಿರ ಗಂಟೆಗಳ ಆಸುಪಾಸಿನ ಅನುಭವವನ್ನು. ಈ ಅಂತರವನ್ನು ಅಲ್ಲಿನವರಲ್ಲಿ ಬಹುಪಾಲು ಜನ ದಾಟುವುದು ತಾವು ಕಲಿತ ಶಾಲೆಯಲ್ಲೇ ಇನ್‌ಸ್ಟ್ರಕ್ಟರ್ ಆಗಿ ಸೇರಿಕೊಂಡು. ಆದ್ದರಿಂದ ನಾನು ಆರಿಸುತ್ತಿದ್ದದ್ದು ಕಲಿಯುವ ಜಾಗವನ್ನಷ್ಟೇ ಅಲ್ಲ, ನನ್ನ ಮೊದಲ ಕೆಲಸದ ಜಾಗವನ್ನೂ ಆಗಿತ್ತು. ವಿದೇಶಿ ವಿದ್ಯಾರ್ಥಿಗೆ ಆ ಕೆಲಸ ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ವೀಸಾ.

ವಿದೇಶಿಯರನ್ನು ಸೇರಿಸಿಕೊಳ್ಳಲು ಅನುಮತಿ ಇರುವ ಶಾಲೆ ಮಾತ್ರ ಐ-20 ಎಂಬ ಪತ್ರ ಕೊಡಬಲ್ಲದು. ಅದಿಲ್ಲದೆ ಕಾನ್ಸುಲೇಟ್‌ನಲ್ಲಿ ಮಾತೇ ಮುಂದುವರಿಯುವುದಿಲ್ಲ. ಹಾರಾಟದ ಶಾಲೆಗಳಲ್ಲಿ ಹೆಚ್ಚಿನವು ಕೊಡುವುದು ವೃತ್ತಿ ತರಬೇತಿಯ ಎಂ-1 ವೀಸಾಕ್ಕೆ ಬೇಕಾದ ಐ-20. ಎಂ-1ರಲ್ಲಿ ಓದುವಾಗ ಕೆಲಸ ಮಾಡುವಂತಿಲ್ಲ, ಓದು ಮುಗಿದ ಮೇಲೆ ಪ್ರತಿ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ, ಗರಿಷ್ಠ ಆರು ತಿಂಗಳು ಮಾತ್ರ ಪ್ರಾಯೋಗಿಕ ತರಬೇತಿಯ ಹೆಸರಿನಲ್ಲಿ ಕೆಲಸಕ್ಕೆ ಅವಕಾಶವಿರುತ್ತದೆ. ಒಂದು ವರ್ಷದ ಕೋರ್ಸ್ ಮಾಡಿದವನಿಗೆ ಹೀಗೆ ದಕ್ಕುವುದು ಮೂರು ತಿಂಗಳು, ಮತ್ತು ಹೊಸ ಇನ್‌ಸ್ಟ್ರಕ್ಟರ್‌ಗೆ ವಿದ್ಯಾರ್ಥಿಗಳು ಕೂಡಿಬರುವುದಕ್ಕೇ ಅಷ್ಟು ಕಾಲ ಹಿಡಿಯುತ್ತದೆ. ಕಾಲೇಜಿನ ಜೊತೆಗೂಡಿ ನಡೆಯುವ ಅಥವಾ ಶೈಕ್ಷಣಿಕ ಮಾನ್ಯತೆ ಪಡೆದ ಕೆಲವೇ ಶಾಲೆಗಳು ಎಫ್-1 ವೀಸಾಕ್ಕೆ ಐ-20 ಕೊಡುತ್ತವೆ. ಅದರಲ್ಲಿ ಓದಿನ ನಂತರ ಹನ್ನೆರಡು ತಿಂಗಳು ಕೆಲಸ ಮಾಡಬಹುದು. ಒಮ್ಮೆ ಎಂ-1ರಲ್ಲಿ ಹೋದವರು ಅಲ್ಲಿದ್ದುಕೊಂಡೇ ಎಫ್-1ಕ್ಕೆ ಬದಲಾಯಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ಈ ತೀರ್ಮಾನವನ್ನು ಇಲ್ಲಿಂದ ಹೊರಡುವ ಮೊದಲೇ ಮಾಡಬೇಕಾಗುತ್ತದೆ. ಎರಡು ವರ್ಷ ಕಲಿತು ದುಡಿಯಬಹುದಾಗಿದ್ದ ಜೆ-1 ವೀಸಾದ ಮಾತನ್ನು ಹಳೆಯ ಪೈಲಟ್‌ಗಳು ಇಂದಿಗೂ ಆಡುತ್ತಾರೆ. ಹಾರಾಟ ತರಬೇತಿಗೆ ಆ ಬಾಗಿಲು 2010ರಲ್ಲೇ ಮುಚ್ಚಿತು. ಗಂಟೆಗೆ ಕಡಿಮೆ ದರ ಹೇಳಿದ್ದ ಎರಡು ಎಂ-1 ಶಾಲೆಗಳನ್ನು ಬಿಟ್ಟು, ದುಬಾರಿಯಾದರೂ ಎಫ್-1 ಕೊಡುತ್ತಿದ್ದ ಆರೆಗನ್ ರಾಜ್ಯದ ಶಾಲೆಯತ್ತ ನಾನು ತಿರುಗಿದ್ದು ಇದೇ ಲೆಕ್ಕದ ಮೇಲೆ.

ಈ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆಯಿದೆ. ಶಾಲೆಗಳ ಜಾಹೀರಾತಿನಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಕಲಿಕೆಗೆ ಅಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ತಯಾರಾಗುವ ರಾಬಿನ್ಸನ್ ಆರ್22 ಎಂಬ ಎರಡು ಆಸನದ ಪುಟ್ಟ ಹೆಲಿಕಾಪ್ಟರ್. ಅದರ ರೋಟರ್, ಅಂದರೆ ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳು, ತೀರಾ ಹಗುರ. ಎಂಜಿನ್ ನಿಂತರೆ, ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಎಡಗೈಯ ಕಲೆಕ್ಟಿವ್ ಹಿಡಿಯನ್ನು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಕೆಳಗೊತ್ತದಿದ್ದರೆ ರೋಟರ್ ವೇಗ ಮರಳಿ ಪಡೆಯಲಾರದಷ್ಟು ಕುಸಿಯುತ್ತದೆ. ಅಪಘಾತಗಳು ಹೆಚ್ಚಾದ ಕಾರಣ 1995ರಲ್ಲಿ ಎಫ್‌ಎಎ ಈ ಯಂತ್ರಕ್ಕೂ ಇದರ ಅಣ್ಣನಾದ ನಾಲ್ಕಾಸನದ ಆರ್44ಕ್ಕೂ ವಿಶೇಷ ನಿಯಮ ತಂದಿತು. ಅದರಂತೆ ಹೊಸ ವಿದ್ಯಾರ್ಥಿ ಆರ್22ರಲ್ಲಿ ಒಬ್ಬನೇ ಹಾರುವ ಮೊದಲು ಇನ್‌ಸ್ಟ್ರಕ್ಟರ್ ಜೊತೆ ಕನಿಷ್ಠ 20 ಗಂಟೆ ಹಾರಿರಬೇಕು. ಆರ್22ರಲ್ಲಿ ಪಾಠ ಹೇಳಬೇಕಾದರೆ ಹೆಲಿಕಾಪ್ಟರ್‌ಗಳಲ್ಲಿ ಒಟ್ಟು 200 ಗಂಟೆ, ಅದರಲ್ಲಿ 50 ಗಂಟೆ ಆರ್22ರಲ್ಲೇ ಆಗಿರಬೇಕು. ಅಂದರೆ 150 ಗಂಟೆಯ ಪ್ಯಾಕೇಜ್ ಕೊಂಡವನು ಇನ್‌ಸ್ಟ್ರಕ್ಟರ್ ಲೈಸೆನ್ಸ್ ಪಡೆದ ಮೇಲೂ ಆರ್22ರಲ್ಲಿ ಕಲಿಸಲು ಅರ್ಹನಾಗುವುದಿಲ್ಲ, ಉಳಿದ ಗಂಟೆಗಳನ್ನು ತನ್ನ ಜೇಬಿನಿಂದಲೇ ತುಂಬಬೇಕು. ಆದ್ದರಿಂದ ಪ್ರತಿ ಶಾಲೆಗೂ ನಾನು ಒಂದೇ ಪ್ರಶ್ನೆ ಬರೆದು ಕಳುಹಿಸಿದೆ: ಹೊರಗೇನೂ ಕಾಣದಾಗ ಉಪಕರಣ ನೋಡಿಯೇ ಹಾರುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್, ಇನ್‌ಸ್ಟ್ರಕ್ಟರ್ ಲೈಸೆನ್ಸ್, ಇಂಧನ, ವಿಮೆ, ಪರೀಕ್ಷಕರ ಶುಲ್ಕ ಎಲ್ಲ ಸೇರಿ 200 ಗಂಟೆಗೆ ಎಷ್ಟಾಗುತ್ತದೆ? ಜಾಹೀರಾತಿನ ಮೊತ್ತಕ್ಕೂ ಬಂದ ಉತ್ತರಕ್ಕೂ ಅಜಗಜಾಂತರವಿತ್ತು. ಉತ್ತರಿಸದೆ ಮತ್ತೊಮ್ಮೆ ಬಣ್ಣದ ಕರಪತ್ರ ಕಳುಹಿಸಿದ ಶಾಲೆಗಳನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಗಂಟೆ ಎಂದರೆ ಯಾವ ಗಂಟೆ ಎಂಬುದನ್ನೂ ಕೇಳಬೇಕು. ಕೆಲವು ಶಾಲೆಗಳ ಮೀಟರ್ ಎಂಜಿನ್ ಚಾಲೂ ಆದ ಕ್ಷಣದಿಂದ ಓಡುತ್ತದೆ, ಕೆಲವದ್ದು ಕಲೆಕ್ಟಿವ್ ಎತ್ತಿ ಹಾರುತ್ತಿರುವಾಗ ಮಾತ್ರ. ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗುವವರೆಗೆ ಕಾದು, ಉಪಕರಣಗಳನ್ನೆಲ್ಲ ಪರೀಕ್ಷಿಸಿ, ಹಾರಿ ಬಂದ ಮೇಲೆ ಎಂಜಿನ್ ತಣಿಸಿ ನಿಲ್ಲಿಸುವ ಹೊತ್ತನ್ನೆಲ್ಲ ಕೂಡಿದರೆ ಒಂದು ಗಂಟೆಯ ಪಾಠದಲ್ಲಿ ಗಣನೀಯ ಭಾಗ ನೆಲದ ಮೇಲೆಯೇ ಕಳೆಯುತ್ತದೆ. ಮೊದಲ ಬಗೆಯ ಮೀಟರ್‌ನಲ್ಲಿ ಅದಕ್ಕೂ ಪೂರ್ತಿ ದರ ತೆರಬೇಕು.

ಯಂತ್ರಗಳ ಸಂಖ್ಯೆಯಷ್ಟೇ ಅವುಗಳ ಆಯುಷ್ಯವೂ ಮುಖ್ಯ. ಆರ್22ನ್ನು 2,200 ಗಂಟೆ ಹಾರಿದ ಮೇಲೆ ಅಥವಾ 12 ವರ್ಷಕ್ಕೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು, ನಡುವೆ ಪ್ರತಿ ನೂರು ಗಂಟೆಗೊಂದು ತಪಾಸಣೆ ಇದ್ದೇ ಇರುತ್ತದೆ. ಎರಡೇ ಯಂತ್ರವಿರುವ ಶಾಲೆಯಲ್ಲಿ ಒಂದು ಓವರ್‌ಹಾಲ್‌ಗೆ ಹೋದರೆ ವಿದ್ಯಾರ್ಥಿಗಳು ಮನೆ ಬಾಡಿಗೆ ಕಟ್ಟುತ್ತ ಕಾಯುತ್ತಾರೆ. ದೇಹದ ತೂಕವೂ ಇಲ್ಲಿ ಹಣದ ವಿಷಯವೇ. ಆರ್22 ಇಂಧನ, ಜನ ಎಲ್ಲ ಸೇರಿ 1,370 ಪೌಂಡಿಗಿಂತ, ಅಂದರೆ ಸುಮಾರು 621 ಕಿಲೋಗಿಂತ ಹೆಚ್ಚಿನ ತೂಕದಲ್ಲಿ ಏಳುವಂತಿಲ್ಲ, ಒಂದು ಆಸನಕ್ಕೆ ಮಿತಿ 240 ಪೌಂಡ್. ತೊಂಬತ್ತು ಕಿಲೋ ದಾಟಿದ ವಿದ್ಯಾರ್ಥಿಗೆ ಅಷ್ಟೇ ದಪ್ಪನೆಯ ಇನ್‌ಸ್ಟ್ರಕ್ಟರ್ ಸಿಕ್ಕರೆ ಇಂಧನ ಕಡಿಮೆ ತುಂಬಿ ಸಣ್ಣ ಸಣ್ಣ ಪಾಠ ಮಾಡಬೇಕು, ಇಲ್ಲವೇ ಬಹಳ ಹೆಚ್ಚಿನ ದರ ಕೊಟ್ಟು ಆರ್44ಕ್ಕೆ ಹೋಗಬೇಕು. ನಾನು ಹೊರಡುವ ಮೊದಲು ತೂಕ ಇಳಿಸಿಕೊಂಡೆ. ಮನೆಯಲ್ಲಿ ಅಮ್ಮನಿಗೆ ಇದರ ಕಾರಣ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಶಾಲೆಯವರು ಹೇಳಿದ್ದನ್ನೆಲ್ಲ ಅಲ್ಲಿ ಓದುತ್ತಿರುವವರ ಮಾತಿನೊಡನೆ ತಾಳೆ ನೋಡಿದೆ. ಶಾಲೆಯೇ ಗೊತ್ತು ಮಾಡಿಕೊಟ್ಟ ವಿದ್ಯಾರ್ಥಿಯನ್ನು ಬಿಟ್ಟು, ಪರಿಚಯದವರ ಪರಿಚಯ ಹಿಡಿದು ನಾನೇ ಹುಡುಕಿಕೊಂಡವರೊಡನೆ ಮಾತನಾಡಿದೆ. ಅವರಿಗೆ ಶಾಲೆ ಹೇಗಿದೆ ಎಂದು ಕೇಳಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಹೋದ ತಿಂಗಳು ಎಷ್ಟು ಗಂಟೆ ಹಾರಿದಿರಿ, ಇಲ್ಲಿಯವರೆಗೆ ಎಷ್ಟು ಇನ್‌ಸ್ಟ್ರಕ್ಟರ್‌ಗಳು ಬದಲಾದರು, ಕೊನೆಯ ಪರೀಕ್ಷೆಗೆ ಎಷ್ಟು ದಿನ ಕಾದಿರಿ ಎಂದು ಕೇಳಿದೆ. ಬಹಳ ಹೊಗಳಿಕೆ ಕೇಳಿದ್ದ ಒಂದು ಶಾಲೆಯಲ್ಲಿದ್ದ ಹುಬ್ಬಳ್ಳಿಯ ಹುಡುಗ ವಿಡಿಯೊ ಕರೆಯಲ್ಲಿ ಲಾಗ್‌ಬುಕ್ ತೆರೆದು ಕ್ಯಾಮೆರಾಕ್ಕೆ ಹಿಡಿದ. ಇಡೀ ತಿಂಗಳಿಗೆ ಅರ್ಧ ಪುಟವೂ ತುಂಬಿರಲಿಲ್ಲ. "ಹೆಲಿಕಾಪ್ಟರ್ ನಾಕ್ ಅದಾವ್ರಿ ಅಣ್ಣಾರ, ಕಲಸೋರು ಒಬ್ಬರ ಅದಾರ" ಎಂದ. ಉಳಿದ ಇನ್‌ಸ್ಟ್ರಕ್ಟರ್‌ಗಳೆಲ್ಲ ಸಾವಿರ ಗಂಟೆ ಮುಟ್ಟಿದೊಡನೆ ಬೇರೆ ಕೆಲಸಕ್ಕೆ ಹೋಗಿದ್ದರು. ಅವರ ಜಾಗಕ್ಕೆ ಬರಬೇಕಾದ ಹೊಸಬರು ಇನ್ನೂ 200ನ್ನು ಮುಟ್ಟಿರಲಿಲ್ಲ. ಆ ಶಾಲೆಯಿಂದ ಬಂದಿದ್ದ ಐ-20 ಪತ್ರವನ್ನು ನಾನು ಬಳಸಲಿಲ್ಲ.

ಹಣ ಕಟ್ಟುವ ವಿಧಾನದಲ್ಲಿ ನಾನು ರಾಜಿ ಮಾಡಿಕೊಳ್ಳಲೇ ಇಲ್ಲ. ಲಾಸ್ ವೇಗಾಸ್ ಬಳಿಯ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ಶಾಲೆ ದೇಶದ ಹಲವೆಡೆ ಶಾಖೆಗಳನ್ನು ತೆರೆದು, ಒಬ್ಬೊಬ್ಬ ವಿದ್ಯಾರ್ಥಿಯಿಂದ 70,000 ಡಾಲರ್‌ಗಳಷ್ಟನ್ನು ಸಾಲದ ಮೂಲಕ ಮುಂಗಡವಾಗಿ ಪಡೆದು, 2008ರ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿ ದಿವಾಳಿ ಘೋಷಿಸಿತು. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಲೈಸೆನ್ಸೂ ಇಲ್ಲದೆ, ಹಣವೂ ಇಲ್ಲದೆ, ಸಾಲ ಮಾತ್ರ ಉಳಿಸಿಕೊಂಡು ಬೀದಿಗೆ ಬಿದ್ದರು. ಅದನ್ನು ಓದಿದ ಮೇಲೆ, ಪೂರ್ತಿ ಮೊತ್ತ ಮುಂಚಿತವಾಗಿ ಕಟ್ಟಿದರೆ ರಿಯಾಯಿತಿ ಎನ್ನುವ ಶಾಲೆಯ ಮಾತು ನನಗೆ ಎಚ್ಚರಿಕೆಯಾಗಿ ಕೇಳಿಸಿತು. ಸೇರಿದ ಶಾಲೆಯೊಡನೆ ಸಣ್ಣ ಠೇವಣಿ, ಅದು ಮುಗಿಯುತ್ತಿದ್ದಂತೆ ಮತ್ತೊಂದು ಕಂತು, ಉಳಿದ ಹಣ ಎಷ್ಟು ದಿನದಲ್ಲಿ ವಾಪಸು ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಂಡೆ. ನನಗೆ ಶೈಕ್ಷಣಿಕ ಸಾಲ ಕೊಟ್ಟ ಬ್ಯಾಂಕು ಮೊದಲು ಇಡೀ ಶುಲ್ಕವನ್ನು ಒಂದೇ ಸಲ ಶಾಲೆಗೆ ಕಳುಹಿಸುತ್ತೇವೆಂದಿತ್ತು. ಕಂತಿನ ವೇಳಾಪಟ್ಟಿಯನ್ನು ಶಾಲೆಯ ಲೆಟರ್‌ಹೆಡ್‌ನಲ್ಲಿ ತಂದುಕೊಟ್ಟ ಮೇಲೆ ಮ್ಯಾನೇಜರ್ ಒಪ್ಪಿದರು.

ಇದೆಲ್ಲಕ್ಕೂ ಮೊದಲು, ಒಂದು ಡಾಲರ್ ಕೂಡ ಖರ್ಚು ಮಾಡುವ ಮುಂಚೆ, ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವಾದ ಡಿಜಿಸಿಎ ವಾಣಿಜ್ಯ ಪೈಲಟ್‌ಗಳಿಗೆ ಕಡ್ಡಾಯ ಮಾಡಿರುವ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿಸಿದ್ದೆ. ಕನ್ನಡಿಗರಿಗೆ ಇದೊಂದು ಅನುಕೂಲ, ಮೊದಲ ಸಲದ ಕ್ಲಾಸ್ 1 ಮಾಡುವ ಕೆಲವೇ ಕೇಂದ್ರಗಳಲ್ಲಿ ಒಂದಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವುದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯ ಬಳಿಯಲ್ಲೇ. ಶಬ್ದವೇ ನುಸುಳದ ಪೆಟ್ಟಿಗೆಯಂಥ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತು, ಕೇಳಿಸಿತೋ ಭ್ರಮೆಯೋ ಎನ್ನುವಷ್ಟು ಸಣ್ಣ ಸದ್ದಿಗೂ ಗುಂಡಿ ಒತ್ತಬೇಕು. ಆಮೇಲೆ ಬಣ್ಣದ ಚುಕ್ಕೆಗಳ ಹಾಳೆಯಲ್ಲಿ ಅಡಗಿದ ಅಂಕಿಗಳನ್ನು ತಡವರಿಸದೆ ಓದಬೇಕು. ನನ್ನ ಜೊತೆ ಸಾಲಿನಲ್ಲಿದ್ದ ಒಬ್ಬರು ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬಂದ ನಂತರ ಇಲ್ಲಿ ಮೊದಲ ಬಾರಿ ಪರೀಕ್ಷೆಗೆ ಬಂದವರು. ಎಫ್‌ಎಎ ವೈದ್ಯಕೀಯ ಪತ್ರ ಅವರ ಕೈಯಲ್ಲಿತ್ತು, ಆದರೆ ಅದರ ಆಧಾರದ ಮೇಲೆ ಭಾರತದಲ್ಲಿ ಯಾರೂ ಹಾರಲು ಬಿಡುವುದಿಲ್ಲ.

ಸ್ಥಳದ ಆಯ್ಕೆಯಲ್ಲಿ ಬಹಳ ಜನ ಬಿಸಿಲು ನೋಡುತ್ತಾರೆ. ಅರಿಜೋನಾದಲ್ಲಿ ವರ್ಷವಿಡೀ ಹಾರಬಹುದು ಎಂಬುದು ನಿಜ, ಆದರೆ ಅಲ್ಲಿನ ಪ್ರೆಸ್ಕಾಟ್‌ನಂತಹ ಎತ್ತರದ ಊರಿನ ಬೇಸಿಗೆಯ ಮಧ್ಯಾಹ್ನ ಗಾಳಿ ತೆಳುವಾಗಿ ಆರ್22 ಏದುಸಿರು ಬಿಡುತ್ತದೆ. ಫ್ಲೋರಿಡಾ ಸಮುದ್ರ ಮಟ್ಟದಲ್ಲಿದೆ, ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ಪಾಠಗಳನ್ನು ತಿನ್ನುತ್ತದೆ. ಆರೆಗನ್‌ನ ಚಳಿಗಾಲದಲ್ಲಿ ಮೋಡ ನೆಲಕ್ಕಿಳಿದು ವಾರಗಟ್ಟಲೆ ಕೂರಿಸಿಬಿಡುತ್ತದೆ. ಅದು ಗೊತ್ತಿದ್ದೇ ಹೋದೆ. ಮೋಡದ ಕೆಳಗೆ ಕಣಿವೆಯಲ್ಲಿ ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ಹಿಂತಿರುಗಬೇಕು ಎಂಬ ಅಂದಾಜು, ಬೆಟ್ಟದ ನೆತ್ತಿಯ ಮೇಲೆ ಗಾಳಿ ಹೊರಳುವ ಕಡೆಯನ್ನು ತಪ್ಪಿಸಿ ಇಳಿಯುವ ಕ್ರಮ, ಇವು ಹಿಮಾಲಯದ ಯಾತ್ರಾಸ್ಥಳಗಳಲ್ಲಿ ಹಾರಬೇಕೆಂದಿರುವವರಿಗೆ ಬೇಕೇ ಬೇಕು. ಬಿಸಿಲಿನಲ್ಲಷ್ಟೇ ಹಾರಿದವರಿಗೆ ಆ ತೀರ್ಮಾನ ಮಾಡುವ ಸಂದರ್ಭವೇ ಬರುವುದಿಲ್ಲ.

ಉಳಿದ ಕಾಗದ ಪತ್ರಗಳ ಕೆಲಸ ಬೇಸರದ್ದು, ಆದರೆ ಕಷ್ಟದ್ದಲ್ಲ. ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯಾದ ಸೆವಿಸ್‌ಗೆ 350 ಡಾಲರ್ ಶುಲ್ಕ ಕಟ್ಟಬೇಕು. ಪಾಠ ಆರಂಭವಾಗುವ ಮೊದಲು ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎಯಿಂದ ಬೆರಳಚ್ಚು ಕೊಟ್ಟು ಅನುಮತಿ ಪಡೆಯಬೇಕು. 2024ರ ಹೊಸ ನಿಯಮದಿಂದ ಅದು ಐದು ವರ್ಷ ನಡೆಯುತ್ತದೆ. ಓದಿನ ನಂತರದ ಕೆಲಸದ ಅನುಮತಿಗೆ ಕೋರ್ಸ್ ಮುಗಿಯುವ 90 ದಿನ ಮೊದಲೇ ಅರ್ಜಿ ಹಾಕಬಹುದು, ಹಾಕಲೇಬೇಕು, ಏಕೆಂದರೆ ಕಾರ್ಡ್ ಬರುವವರೆಗೆ ಒಂದು ಪಾಠವನ್ನೂ ಸಂಬಳಕ್ಕೆ ಹೇಳುವಂತಿಲ್ಲ.

ಅಲ್ಲಿ ಇನ್‌ಸ್ಟ್ರಕ್ಟರ್ ಆಗಿ ಆ ಅವಧಿ ಮುಗಿಸಿ ಬಂದು, ಈಗ ಮುಂಬೈನ ಜುಹುವಿನಿಂದ ಸಮುದ್ರದ ತೈಲ ವೇದಿಕೆಗಳಿಗೆ ಹಾರುವ ಹೆಲಿಕಾಪ್ಟರಿನಲ್ಲಿ ಸಹ ಪೈಲಟ್ ಆಗಿದ್ದೇನೆ. ನಮ್ಮಲ್ಲಿ ಈ ಕ್ಷೇತ್ರದ ಹಿರಿಯ ಆಸನಗಳಲ್ಲಿ ಹೆಚ್ಚಿನವರು ಸೇನೆಯಿಂದ ಬಂದವರು, ಅವರ ಲಾಗ್‌ಬುಕ್‌ಗಳಲ್ಲಿ ಸಾವಿರಾರು ಗಂಟೆಗಳಿರುತ್ತವೆ. ಆರ್22ರ 200 ಗಂಟೆ ಹಿಡಿದು ಬಂದವನನ್ನು ಇಲ್ಲಿ ಯಾರೂ ಕಾಯುತ್ತಿರುವುದಿಲ್ಲ. ಲೈಸೆನ್ಸ್ ಪರಿವರ್ತನೆಗೆ ಡಿಜಿಸಿಎ ಪರೀಕ್ಷೆಗಳಿವೆ, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬ ನಿಯಮ ನನಗೂ ಅನ್ವಯಿಸಿತ್ತು. ವಿದೇಶಿ ಲೈಸೆನ್ಸ್ ಅಸಲಿಯೇ ಎಂದು ಡಿಜಿಸಿಎ ಅದನ್ನು ಕೊಟ್ಟ ದೇಶದಿಂದಲೇ ಖಚಿತಪಡಿಸಿಕೊಳ್ಳುತ್ತದೆ. ಅದಕ್ಕಾಗಿಯೇ ನಾನು ಅಲ್ಲಿದ್ದಾಗ ಒಬ್ಬನೇ ಹಾರಿದ್ದು, ರಾತ್ರಿ ಹಾರಿದ್ದು, ದೂರದ ಊರಿಗೆ ಹೋಗಿ ಬಂದದ್ದು ಬೇರೆ ಬೇರೆ ಕಾಲಮಿನಲ್ಲಿ ಬರುವಂತೆ ಲಾಗ್‌ಬುಕ್ ಬರೆದು, ಪ್ರತಿ ಪುಟದ ಕೆಳಗೆ ಮುಖ್ಯ ಇನ್‌ಸ್ಟ್ರಕ್ಟರ್ ಸಹಿಯನ್ನೂ ಶಾಲೆಯ ಮೊಹರನ್ನೂ ಹಾಕಿಸಿಕೊಳ್ಳುತ್ತಿದ್ದೆ. ಅಮೆರಿಕದ ಸಹಪಾಠಿಗಳಿಗೆ ಮೊಹರಿನ ಮೇಲಿನ ನನ್ನ ಈ ವ್ಯಾಮೋಹ ವಿಚಿತ್ರವೆನಿಸುತ್ತಿತ್ತು. ಶಾಲೆಯ ಬಳಿ ಮೊಹರೇ ಇರಲಿಲ್ಲ, ನನ್ನ ಕಾಟಕ್ಕೆ ಒಂದನ್ನು ಮಾಡಿಸಿದರು. ಈಗ ಅಲ್ಲಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳೆಲ್ಲ ಅದನ್ನೇ ಹಾಕಿಸಿಕೊಂಡು ಬರುತ್ತಾರೆ.