ಹಳೇ ಟೊಯೋಟಾ ಪಿಕಪ್‌ನ 22ಆರ್‌ಇ ಎಂಜಿನ್: ಹೆಡ್ ಗ್ಯಾಸ್ಕೆಟ್ ಬದಲಿಸಿದ ಅನುಭವ

ಅಮೆರಿಕದಲ್ಲಿ 1995ರವರೆಗೆ ಮಾರಾಟವಾದ ಟೊಯೋಟಾ ಪಿಕಪ್‌ಗಳಲ್ಲಿ ಹಲವು ಇನ್ನೂ ಓಡುತ್ತಿವೆ. ಬಿಡದಿಯಿಂದ ಈಗ ಹೊರಬರುವ ಹೈಲಕ್ಸ್‌ಗೆ ಇವು ವಂಶದಲ್ಲಿ ಹಿರಿಯರು, ಆದರೆ ಎಂಜಿನ್ ಬೇರೆಯದೇ ಜಾತಿ. 22ಆರ್‌ಇ ಪೆಟ್ರೋಲ್ ಎಂಜಿನ್: ನಾಲ್ಕು ಸಿಲಿಂಡರ್, 2366 ಸಿಸಿ, ಎರಕದ ಕಬ್ಬಿಣದ ಬ್ಲಾಕ್, ಅದರ ಮೇಲೆ ಸಿಲಿಂಡರ್‌ಗಳನ್ನು ಮುಚ್ಚುವ ಅಲ್ಯೂಮಿನಿಯಂ ಹೆಡ್, ಎರಡರ ನಡುವೆ ಅನಿಲ, ನೀರು, ಆಯಿಲ್ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುತ್ತದೆ. ಪ್ರತಿ ಸಲ ಕಾದು ತಣಿಯುವಾಗಲೂ ನಡುವಿನ ಗ್ಯಾಸ್ಕೆಟ್ ಸ್ವಲ್ಪಸ್ವಲ್ಪವೇ ಉಜ್ಜಿಕೊಳ್ಳುತ್ತದೆ. ಒಮ್ಮೆ ಜೋರಾಗಿ ಓವರ್‌ಹೀಟ್ ಆದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ.

ಹೋಗಿರುವುದು ನಿಜಕ್ಕೂ ಗ್ಯಾಸ್ಕೆಟ್ಟೇ ಎಂದು ಖಚಿತಪಡಿಸಿಕೊಳ್ಳದೆ ಸ್ಪ್ಯಾನರ್ ಹಿಡಿಯಬೇಡಿ. ಈ ಎಂಜಿನ್‌ನಲ್ಲಿ ಅದೇ ಲಕ್ಷಣ ತೋರಿಸುವ ಇನ್ನೊಂದು ಕಾಯಿಲೆ ಇದೆ. ಕೆಳಗಿನ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಮೇಲಿನ ಕ್ಯಾಮ್ ಎಂಬ ವಾಲ್ವ್ ತೆರೆಯುವ ದಂಡವನ್ನು ತಿರುಗಿಸುವುದು ಟೈಮಿಂಗ್ ಚೈನ್ ಮೂಲಕ. ಅದರ ಪ್ಲಾಸ್ಟಿಕ್ ಗೈಡ್‌ಗಳಲ್ಲಿ ಡ್ರೈವರ್ ಬದಿಯದು, ಅಂದರೆ ಅಮೆರಿಕದ ಗಾಡಿಯಲ್ಲಿ ಎಡಗಡೆಯದು, ವರ್ಷಗಳಾದ ಮೇಲೆ ಮುರಿದು ಬೀಳುತ್ತದೆ. ಆಮೇಲೆ ಸಡಿಲ ಚೈನ್ ಟೈಮಿಂಗ್ ಕವರ್‌ಗೆ ತಾಗಿ ಸವೆಸುತ್ತಾ ವಾಟರ್ ಪಂಪ್ ಹಿಂದಿನ ನೀರಿನ ದಾರಿಯವರೆಗೂ ತೂತು ಕೊರೆಯುತ್ತದೆ. ಕೂಲೆಂಟ್ ನೇರ ಆಯಿಲ್ ಸಂಪ್‌ಗೆ ಇಳಿಯುತ್ತದೆ. ಆಯಿಲ್ ಮುಚ್ಚಳದ ಕೆಳಗೆ ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಕಂಡ ಕೂಡಲೇ ಹೆಡ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ, ಮತ್ತೆ ಅದೇ ಜಿಡ್ಡು ನೋಡುವವರು ಇದ್ದಾರೆ. ವಾಲ್ವ್ ಕವರ್ ತೆಗೆದು ಟಾರ್ಚ್ ಬಿಟ್ಟು ಕೆಳಗೆ ಇಣುಕಿದರೆ ಗೈಡ್ ಇದೆಯೋ ಇಲ್ಲವೋ ಕಾಣುತ್ತದೆ. ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡು ಮುಂಭಾಗದಿಂದ ಚೈನ್ ಗಲಗಲ ಎಂದರೂ ಅನುಮಾನ ಅಲ್ಲೇ ಇರಲಿ.

ಗ್ಯಾಸ್ಕೆಟ್ ಹೋಗಿದ್ದರೆ ಕುರುಹುಗಳು ಬೇರೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ರೇಡಿಯೇಟರ್ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕ್ಯಾಪ್ ತೆಗೆದಿಟ್ಟು ಓಡಿಸಿದರೆ ಗುಳ್ಳೆ ನಿಲ್ಲುವುದೇ ಇಲ್ಲ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಒಂದು ಸಿಲಿಂಡರ್ ತಪ್ಪಿಸಿ ಕುಂಟುತ್ತದೆ, ಬಿಳಿ ಹೊಗೆ ಬಿಟ್ಟು ಆಮೇಲೆ ಸರಿಹೋಗುತ್ತದೆ. ಕಂಪ್ರೆಷನ್ ಗೇಜ್ ಹಾಕಿದರೆ ಒಳ್ಳೆಯ 22ಆರ್‌ಇ 171 ಪಿಎಸ್‌ಐ ಆಸುಪಾಸು ತೋರಿಸಬೇಕು. ಕನಿಷ್ಠ ಮಿತಿ 142, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 14 ದಾಟಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ಒತ್ತಡ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಎಂದೇ ಲೆಕ್ಕ. ರೇಡಿಯೇಟರ್ ಬಾಯಿಗೆ ಇಡುವ ಬ್ಲಾಕ್ ಟೆಸ್ಟರ್‌ನ ನೀಲಿ ದ್ರವ ಹಳದಿಗೆ ತಿರುಗಿದರೆ ಸುಟ್ಟ ಅನಿಲ ಕೂಲೆಂಟ್‌ಗೆ ಸೇರುತ್ತಿದೆ ಎಂದರ್ಥ. ರೇಡಿಯೇಟರ್‌ಗೆ ಸುರಿಯುವ ಸೀಲರ್ ಬಾಟಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋರಿಕೆಗಿಂತ ಮೊದಲು ಹೀಟರ್ ಕೋರ್ ಮುಚ್ಚಿಹೋಗುವುದೇ ಹೆಚ್ಚು.

ಸಾಮಾನು ತರಿಸುವಾಗ ವರ್ಷ ನೋಡಿ. 1985ರಲ್ಲಿ ಈ ಎಂಜಿನ್‌ನ ಬ್ಲಾಕ್, ಹೆಡ್, ಚೈನ್ ಎಲ್ಲ ಬದಲಾದವು. ಹಿಂದಿನದರ ಗ್ಯಾಸ್ಕೆಟ್ ಮುಂದಿನದಕ್ಕೆ ಆಗುವುದಿಲ್ಲ. ಪೂರ್ತಿ ಹೆಡ್ ಸೆಟ್ (ಹೆಡ್ ಕೆಲಸಕ್ಕೆ ಬೇಕಾದ ಗ್ಯಾಸ್ಕೆಟ್‌ಗಳ ಕಟ್ಟು), ಥರ್ಮೋಸ್ಟಾಟ್, ಆಯಿಲ್ ಫಿಲ್ಟರ್ ಎರಡು, ಎರಡು ಬಾರಿಗಾಗುವಷ್ಟು ಆಯಿಲ್, ಕೂಲೆಂಟ್, ಆರ್‌ಟಿವಿ ಸೀಲಂಟ್ (ಗಾಳಿಗೆ ಗಟ್ಟಿಯಾಗುವ ಸಿಲಿಕೋನ್ ಅಂಟು), ಇಂಧನ ಪೈಪಿನ ಬ್ಯಾಂಜೋ ವಾಷರ್‌ಗಳು, ಇಷ್ಟು ಬೇಕೇಬೇಕು. ಚೈನ್ ಗೈಡ್ ಮುರಿದಿದ್ದರೆ ಲೋಹದ ಬೆನ್ನಿರುವ ಗೈಡ್‌ಗಳ ಟೈಮಿಂಗ್ ಸೆಟ್ ಸಹ ತರಿಸಿ.

ಬಿಚ್ಚುವಾಗ ಬ್ಯಾಟರಿ ಕಳಚಿ, ಕೂಲೆಂಟನ್ನು ರೇಡಿಯೇಟರ್‌ನಿಂದ ಮಾತ್ರವಲ್ಲ, ಬ್ಲಾಕ್‌ನ ಡ್ರೈನ್‌ನಿಂದಲೂ ಇಳಿಸಿ. ಬ್ಲಾಕ್‌ನಲ್ಲಿ ಉಳಿದ ನೀರು ಹೆಡ್ ಎತ್ತಿದ ಕ್ಷಣ ಸಿಲಿಂಡರ್‌ಗೂ ಬೋಲ್ಟ್ ತೂತಿಗೂ ನುಗ್ಗುತ್ತದೆ. ಇಂಧನ ಪೈಪನ್ನು ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿ, ಒಳಗೆ ಒತ್ತಡ ಇರುತ್ತದೆ. ವ್ಯಾಕ್ಯೂಮ್ ಹೋಸ್‌ಗಳು ಈ ಎಂಜಿನ್‌ನಲ್ಲಿ ಜಡೆ ಹೆಣೆದಂತಿವೆ. ಪ್ರತಿಯೊಂದಕ್ಕೂ ಟೇಪ್ ಚೀಟಿ ಅಂಟಿಸಿ, ಫೋಟೋ ಸಹ ತೆಗೆದಿಡಿ. ಇನ್‌ಟೇಕ್‌ನ ಮೇಲಿನ ಪ್ಲೀನಂ (ಗಾಳಿ ಪೆಟ್ಟಿಗೆ) ಮಾತ್ರ ತೆಗೆದು, ಕೆಳಗಿನ ಮ್ಯಾನಿಫೋಲ್ಡನ್ನು ಹೆಡ್‌ನಲ್ಲೇ ಬಿಡುವುದು ನನ್ನ ಪದ್ಧತಿ. ಅದರ ಬೋಲ್ಟ್‌ಗಳು ಬೆಂಚಿನ ಮೇಲೆ ಸುಲಭವಾಗಿ ಸಿಗುತ್ತವೆ. ಎಕ್ಸಾಸ್ಟ್ ಪೈಪಿನ ನಟ್‌ಗಳಿಗೆ ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಹಾಕಿಡಿ.

ಮೊದಲ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ, ಅಂದರೆ ವಾಲ್ವ್‌ಗಳು ಮುಚ್ಚಿದ್ದು ಪಿಸ್ಟನ್ ತುತ್ತತುದಿಗೆ ಬಂದ ಸ್ಥಿತಿಗೆ, ತನ್ನಿ: ಪುಲ್ಲಿಯ ಗುರುತು ಸೊನ್ನೆಗೆ, ಕ್ಯಾಮ್ ಸ್ಪ್ರಾಕೆಟ್‌ನ ಪಿನ್ ಮೇಲಕ್ಕೆ, ರೋಟರ್ ಒಂದನೇ ಪ್ಲಗ್ ಕಡೆಗೆ. ಚೈನ್ ಕೊಂಡಿಗೂ ಸ್ಪ್ರಾಕೆಟ್ ಹಲ್ಲಿಗೂ ಬಣ್ಣದ ಚುಕ್ಕೆ ಇಡಿ. ಡಿಸ್ಟ್ರಿಬ್ಯೂಟರ್ ಎತ್ತಿ, ಕ್ಯಾಮ್ ಬೋಲ್ಟ್ ಬಿಚ್ಚಿ, ಡಿಸ್ಟ್ರಿಬ್ಯೂಟರ್ ಗೇರ್ ತೆಗೆದು, ಸ್ಪ್ರಾಕೆಟನ್ನು ಚೈನ್ ಸಮೇತ ಕಳಚಿ. ಈ ಹೊತ್ತಿನಲ್ಲಿ ಚೈನ್ ಸಡಿಲ ಬಿಡಬಾರದು. ಬಿಟ್ಟರೆ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್‌ನ ಪ್ಲಂಜರ್ ಹೊರಗೆ ಚಾಚಿ ನಿಲ್ಲುತ್ತದೆ, ವಾಪಸ್ ಹಾಕುವಾಗ ಸ್ಪ್ರಾಕೆಟ್ ಕ್ಯಾಮ್‌ವರೆಗೆ ಏರುವುದೇ ಇಲ್ಲ, ಕೊನೆಗೆ ಟೈಮಿಂಗ್ ಕವರ್ ಬಿಚ್ಚಬೇಕಾಗುತ್ತದೆ. ಚೈನ್‌ನ ಎರಡು ಎಳೆಗಳ ನಡುವೆ ಮರದ ಬೆಣೆ ಇಳಿಸಿ, ಚೈನನ್ನು ತಂತಿಯಿಂದ ಮೇಲಕ್ಕೆ ಕಟ್ಟಿಡಿ. ಇನ್ನು ಕ್ರ್ಯಾಂಕ್ ತಿರುಗಿಸುವಂತಿಲ್ಲ.

ಈಗ ಆ ಕುಪ್ರಸಿದ್ಧ ಬೋಲ್ಟ್. ಹೆಡ್‌ನ ಮೂತಿಯಲ್ಲಿ, ಡಿಸ್ಟ್ರಿಬ್ಯೂಟರ್ ಗೇರ್ ಇದ್ದ ಜಾಗದ ಕೆಳಗೆ, ಆಯಿಲ್ ನಿಂತ ಗುಂಡಿಯಲ್ಲಿ ಮುಳುಗಿರುವ ಒಂದು ಸಣ್ಣ ಬೋಲ್ಟ್ ಹೆಡ್ಡನ್ನು ಟೈಮಿಂಗ್ ಕವರ್‌ಗೆ ಹಿಡಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆಯಿಲ್ ಒರೆಸಿ, ಬೆರಳಲ್ಲಿ ತಡಕಿ, 12 ಎಂಎಂ ಸಾಕೆಟ್ ಹಾಕಿ ಇದನ್ನು ಮೊದಲು ತೆಗೆಯಿರಿ. ಮರೆತು ಹೆಡ್ ಮೀಟಿದರೆ ಕವರ್ ಸೀಳುತ್ತದೆ.

ಹತ್ತು ಹೆಡ್ ಬೋಲ್ಟ್‌ಗಳು ರಾಕರ್ ಶಾಫ್ಟ್‌ನ (ವಾಲ್ವ್ ಒತ್ತುವ ತೋಳುಗಳಿರುವ ದಂಡ) ಕಂಬಗಳ ಮೂಲಕವೇ ಹಾದುಹೋಗುತ್ತವೆ. ಹೊರ ತುದಿಗಳಿಂದ ಒಳಕ್ಕೆ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಿ. ಒಂದನ್ನೇ ಒಮ್ಮೆಗೇ ಬಿಚ್ಚಿದರೆ ಹೆಡ್ ತಿರುಚಿಕೊಳ್ಳುವ ಅಪಾಯವಿದೆ. ರಾಕರ್ ಅಸೆಂಬ್ಲಿಯನ್ನು ಇಡಿಯಾಗಿ ಎತ್ತಿ. ಹೆಡ್ ಅಂಟಿಕೊಂಡಿದ್ದರೆ ಎರಕದ ಚಾಚಿಗೆ ಮರದ ಕಟ್ಟಿಗೆ ಕೊಟ್ಟು ಎಬ್ಬಿಸಿ, ಎರಡು ಮುಖಗಳ ನಡುವೆ ಸ್ಕ್ರೂಡ್ರೈವರ್ ತುರುಕಬೇಡಿ. ಎತ್ತಲು ಇಬ್ಬರಿರಲಿ.

ಇನ್ನು ಮುಂದಿನದೇ ಅಸಲಿ ಕೆಲಸ, ಅವಸರ ಪಡುವವರು ಹಾರಿಸುವುದೂ ಇದನ್ನೇ. ಹಳೇ ಗ್ಯಾಸ್ಕೆಟ್ ಚೂರುಗಳನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಹೆರೆಯಿರಿ. ಡ್ರಿಲ್‌ಗೆ ಹಾಕುವ ಉಜ್ಜು ಡಿಸ್ಕ್ ಬೇಗ ಹೊಳಪು ಕೊಡುತ್ತದೆ ನಿಜ. ಆದರೆ ಅಲ್ಯೂಮಿನಿಯಂ ಮೇಲೆ ಹಳ್ಳ ತೋಡುತ್ತದೆ, ಅದರ ಪುಡಿ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿನ್ನುತ್ತದೆ. ಸಿಲಿಂಡರ್‌ಗೆ ಬಟ್ಟೆ ತುರುಕಿ, ಕಸವನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಬೋಲ್ಟ್ ತೂತುಗಳನ್ನು ಗಾಳಿ ಊದಿ ಪೂರ್ತಿ ಒಣಗಿಸಿ. ತಳದಲ್ಲಿ ನಿಂತ ಆಯಿಲ್‌ಗೋ ನೀರಿಗೋ ಓಡಲು ಜಾಗವಿರುವುದಿಲ್ಲ. ಬೋಲ್ಟ್ ಬಿಗಿಯುವಾಗ ಅದೇ ಒತ್ತಡವಾಗಿ ಬ್ಲಾಕ್ ಬಿರುಕು ಬಿಡಬಹುದು.

ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳಲ್ಲಿ ಫೀಲರ್ ಗೇಜ್ ತೂರಿಸಿ ನೋಡಿ. ಹೆಡ್‌ಗೆ 0.15 ಎಂಎಂ ಗರಿಷ್ಠ ಮಿತಿ, ಬ್ಲಾಕ್‌ಗೆ ಇನ್ನೂ ಕಡಿಮೆ, 0.05 ಎಂಎಂ. ಮಿತಿಯ ಒಳಗಿದ್ದರೂ ಓವರ್‌ಹೀಟ್ ಆದ ಹೆಡ್ಡನ್ನು ಮೆಷಿನ್ ಶಾಪಿಗೆ ಕಳಿಸಿ ಬಿರುಕಿನ ಪರೀಕ್ಷೆ ಮಾಡಿಸಿ. ವಾಲ್ವ್ ಸೀಟ್‌ಗಳ ನಡುವಿನ ಜಾಗ ಮುಖ್ಯವಾಗಿ ನೋಡಬೇಕಾದದ್ದು. ಹೆಡ್ ಫೇಸಿಂಗ್ (ಕೆಳಮುಖ ಕೆತ್ತಿ ಸಮ ಮಾಡುವುದು) ಮಾಡಿಸುವ ಮೊದಲು ಕ್ಯಾಪ್‌ಗಳನ್ನು ಬಿಗಿದು ಕ್ಯಾಮ್‌ಶಾಫ್ಟ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆಯೇ ನೋಡಿ. ಹೆಡ್ ಬಾಗಿದರೆ ಕ್ಯಾಮ್ ಕೂರುವ ಸಾಲೂ ಬಾಗಿರುತ್ತದೆ, ಕೆಳಮುಖ ಮಾತ್ರ ಸಮ ಮಾಡಿದರೆ ಮೇಲೆ ಕ್ಯಾಮ್ ಹಿಡಿಯುತ್ತದೆ. ಅಂಥ ಹೆಡ್‌ಗೆ ಫೇಸಿಂಗ್ ಹಣ ಸುರಿಯುವುದಕ್ಕಿಂತ ಬೇರೆ ಹೆಡ್ ಹುಡುಕುವುದು ಮೇಲು. ಜಾಸ್ತಿ ಕೆತ್ತಿಸಿದರೆ ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗಿ ಚೈನ್ ಸಡಿಲಗೊಂಡು ವಾಲ್ವ್ ಟೈಮಿಂಗ್ ಹಿಂದೆ ಬೀಳುತ್ತದೆ. ಆದ್ದರಿಂದ ಸಮವಾಗಲು ಬೇಕಾದಷ್ಟೇ ತೆಗೆಯಲು ಹೇಳಿ. ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ ಹಾಕುವುದಿದ್ದರೆ ಅದನ್ನು ಶಾಪಿನವರಿಗೆ ಮೊದಲೇ ತಿಳಿಸಿ, ಅದಕ್ಕೆ ಬಹಳ ನುಣುಪಾದ ಮುಖ ಬೇಕು. ಮನೆಯಲ್ಲಿ ಕೈಯಿಂದ ಸ್ವಚ್ಛಗೊಳಿಸಿದ ಬ್ಲಾಕ್‌ಗೆ ನಾನು ಮೆತ್ತನೆ ಪದರದ ಕಾಂಪೋಸಿಟ್ ಗ್ಯಾಸ್ಕೆಟ್ಟನ್ನೇ ಆರಿಸುತ್ತೇನೆ.

ಜೋಡಣೆಗೆ ಬಂದರೆ, ಗ್ಯಾಸ್ಕೆಟ್ ಒಣಗಿರಬೇಕು. ಆರ್‌ಟಿವಿ ಹಾಕುವುದು ಬ್ಲಾಕೂ ಟೈಮಿಂಗ್ ಕವರೂ ಕೂಡುವ ಎರಡು ಮೂಲೆಗಳಿಗೆ ಮಾತ್ರ, ಆಮೇಲೆ ಹೆಡ್ ತುದಿಗಳ ಅರ್ಧಚಂದ್ರಾಕಾರದ ರಬ್ಬರ್ ಪ್ಲಗ್‌ಗಳಿಗೆ. ಗ್ಯಾಸ್ಕೆಟ್‌ನ ಕೆಲವು ನೀರಿನ ತೂತುಗಳು ಬ್ಲಾಕ್‌ನವಕ್ಕಿಂತ ಚಿಕ್ಕವು. ಕೂಲೆಂಟ್ ಹರಿವನ್ನು ಹಂಚಲೆಂದೇ ಹಾಗೆ ಮಾಡಿರುತ್ತಾರೆ, ಕೊರೆದು ದೊಡ್ಡದು ಮಾಡಬೇಡಿ. ಬೋಲ್ಟ್ ಎಳೆಗೂ (ಥ್ರೆಡ್) ತಲೆಯ ಅಡಿಗೂ ತೆಳುವಾಗಿ ಆಯಿಲ್ ಸವರಿ. ಟಾರ್ಕ್‌ನ ಬಹುಪಾಲನ್ನು ಘರ್ಷಣೆಯೇ ತಿನ್ನುತ್ತದೆ. ತುಕ್ಕು ಹಿಡಿದ ಎಳೆಯಲ್ಲಿ ರೆಂಚ್ ಕ್ಲಿಕ್ ಎಂದರೂ ಹೆಡ್ ಬಿಗಿದಿರುವುದಿಲ್ಲ. ನಡುವಿನಿಂದ ಹೊರಕ್ಕೆ ಸುತ್ತುತ್ತಾ 30, 55, ಕೊನೆಗೆ 78 ನ್ಯೂಟನ್ ಮೀಟರ್. ಹೆಡ್ ಮೂತಿಯ ಆ ಸಣ್ಣ ಬೋಲ್ಟ್‌ಗೆ 13 ಸಾಕು. ಕ್ಯಾಮ್ ಸ್ಪ್ರಾಕೆಟ್ ಬೋಲ್ಟ್‌ಗೆ 78.

ಸ್ಪ್ರಾಕೆಟ್ ಕೂರಿಸಿ, ಬೆಣೆ ತೆಗೆದು, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ. ನಂತರ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು ಸರಿಪಡಿಸುವುದು. ಮೊದಲ ಸಿಲಿಂಡರ್ ಟಿಡಿಸಿಯಲ್ಲಿ 1 ಮತ್ತು 2ರ ಇನ್‌ಟೇಕ್, 1 ಮತ್ತು 3ರ ಎಕ್ಸಾಸ್ಟ್. ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿದ ಮೇಲೆ 3 ಮತ್ತು 4ರ ಇನ್‌ಟೇಕ್, 2 ಮತ್ತು 4ರ ಎಕ್ಸಾಸ್ಟ್. ಇನ್‌ಟೇಕ್ 0.20 ಎಂಎಂ, ಎಕ್ಸಾಸ್ಟ್ 0.30 ಎಂಎಂ. ಇವು ಬಿಸಿ ಎಂಜಿನ್‌ನ ಅಳತೆ. ತಣ್ಣಗಿದ್ದಾಗ ಇಷ್ಟಕ್ಕೇ ಇಟ್ಟು, ಕಾದ ಮೇಲೆ ಮತ್ತೊಮ್ಮೆ ಸರಿಪಡಿಸಬೇಕು.

ಥರ್ಮೋಸ್ಟಾಟ್‌ನ ಪುಟ್ಟ ಜಿಗಲ್ ವಾಲ್ವ್ ಮೇಲ್ಮುಖವಾಗಿರಲಿ, ಗಾಳಿ ಹೊರಹೋಗುವ ದಾರಿ ಅದು. ಗಾಡಿಯ ಮೂತಿ ಎತ್ತರಿಸಿ, ಹೀಟರ್ ಪೂರ್ತಿ ತೆರೆದು, ಅರ್ಧ ನೀರು ಅರ್ಧ ಕೂಲೆಂಟ್ ಮಿಶ್ರಣ ತುಂಬಿ. ಹಿಂದೆ ಓವರ್‌ಹೀಟ್ ಆಗಿದ್ದೇಕೆ ಎಂಬುದನ್ನೂ ಈಗಲೇ ನೋಡಿ: ಕಟ್ಟಿದ ರೇಡಿಯೇಟರ್, ಸತ್ತ ಫ್ಯಾನ್ ಕ್ಲಚ್, ಸೋತ ಕ್ಯಾಪ್, ಸವೆದ ಪಂಪ್. ಪರೀಕ್ಷಾ ಕನೆಕ್ಟರ್‌ನ ಟಿಇ1 ಮತ್ತು ಇ1 ಟರ್ಮಿನಲ್‌ಗಳನ್ನು ತಂತಿಯಿಂದ ಜೋಡಿಸಿ ಇಗ್ನಿಷನ್ ಟೈಮಿಂಗನ್ನು ಟಿಡಿಸಿಗೆ 5 ಡಿಗ್ರಿ ಮುಂಚೆ ಇಡಿ, ಆಮೇಲೆ ತಂತಿ ತೆಗೆಯಿರಿ. ಕೂಲೆಂಟ್ ಬೆರೆತಿದ್ದ ಎಂಜಿನ್‌ಗೆ ಹೊಸ ಆಯಿಲ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ, ಫಿಲ್ಟರ್ ಸಮೇತ ಮತ್ತೆ ಬದಲಿಸಿ. ಒಂದು ಬಾರಿಗೆ ಸುಮಾರು 4.3 ಲೀಟರ್ ಹಿಡಿಯುತ್ತದೆ. ಮೊದಲ ವಾರ ದಿನವೂ ತಣ್ಣಗಿದ್ದಾಗ ರೇಡಿಯೇಟರ್ ಮಟ್ಟ ನೋಡಿ. ಸಿಕ್ಕಿಬಿದ್ದ ಗಾಳಿ ಹೊರಬಂದಂತೆ ಒಂದೆರಡು ಸಲ ಇಳಿಯುವುದು ಸಹಜ, ಆಮೇಲೂ ಇಳಿಯುತ್ತಿದ್ದರೆ ಬ್ಲಾಕ್ ಟೆಸ್ಟರ್ ಮತ್ತೆ ಹೊರಗೆ ತೆಗೆಯಿರಿ.