ಮಿದುಳಿನ ಕುಳಿಗೆ ಅಯೋಡಿನ್-131 ಪ್ರತಿಕಾಯ: ಮೊದಲು ಸೋರಿಕೆ ನೋಡಿ, ಆಮೇಲೆ ಡೋಸ್

ಗ್ಲಯೊಬ್ಲಾಸ್ಟೊಮಾ ಎಂಬ ಮಿದುಳಿನ ಕ್ಯಾನ್ಸರ್ ಗೆಡ್ಡೆ ಶಸ್ತ್ರಕ್ರಿಯೆಯ ನಂತರ ಮತ್ತೆ ಬೆಳೆಯುವುದು ಹೆಚ್ಚಾಗಿ ಹಳೆಯ ಜಾಗದ 2 ಸೆಂ.ಮೀ. ಸುತ್ತಿನಲ್ಲೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಗುರಿಯಿಟ್ಟಿದ್ದು ಆ ಅಂಚಿಗೇ. ಟೆನಾಸಿನ್ ಪ್ರೋಟೀನ್ ಗೆಡ್ಡೆಯಲ್ಲಿ ಹೇರಳ, ಸಾಮಾನ್ಯ ಮಿದುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಅಂಟಿಕೊಳ್ಳುವ 81ಸಿ6 ಎಂಬ ಇಲಿ ಪ್ರತಿಕಾಯಕ್ಕೆ ಅಯೋಡಿನ್-131 ಎಂಬ ವಿಕಿರಣಶೀಲ ಅಯೋಡಿನ್ ಜೋಡಿಸಿ, ಗೆಡ್ಡೆ ತೆಗೆದ ಜಾಗದ ಕುಳಿಗೇ ನೇರವಾಗಿ ಬಿಡುತ್ತಿದ್ದರು. ರಕ್ತನಾಳಕ್ಕೆ ಕೊಟ್ಟರೆ ಗೆಡ್ಡೆಗೆ ಮುಟ್ಟುವುದು ಅತ್ಯಲ್ಪ. ಇದು ಪ್ರಯೋಗದ ಹಂತ ದಾಟಿ ಮಾಮೂಲಿ ಚಿಕಿತ್ಸೆಯಾಗಿಲ್ಲ ಎಂಬುದು ನೆನಪಿರಲಿ.

ಗೆಡ್ಡೆ ತೆಗೆಯುವಾಗಲೇ ಕುಳಿಯೊಳಗೆ ಕ್ಯಾತಿಟರ್ (ತೆಳು ನಳಿಕೆ) ಇಟ್ಟು, ನೆತ್ತಿಯ ಚರ್ಮದಡಿಯ ರಿಕ್‌ಹ್ಯಾಮ್ ರಿಸರ್ವಾಯರ್ ಎಂಬ ಸೂಜಿ ಚುಚ್ಚಬಹುದಾದ ಪುಟ್ಟ ಡಬ್ಬಿಗೆ ಜೋಡಿಸಬೇಕು. ಗಾಯ ಮಾಗಿದ ಮೇಲೆ ಟೆಕ್ನೀಷಿಯಂ-99ಎಂ ಅಥವಾ ಇಂಡಿಯಂ-111 ಟ್ರೇಸರ್ (ದಾರಿ ತೋರಿಸುವ ವಿಕಿರಣಶೀಲ ಗುರುತು) ಬಿಟ್ಟು ಗಾಮಾ ಕ್ಯಾಮೆರಾದಲ್ಲಿ ನೋಡಿ. ಟ್ರೇಸರ್ ವೆಂಟ್ರಿಕಲ್‌ಗೋ (ಮಿದುಳಿನೊಳಗಿನ ದ್ರವದ ಕೋಣೆ) ಚರ್ಮದಡಿಗೋ ಹೋದರೆ ಅಲ್ಲಿಗೇ ನಿಲ್ಲಿಸಿ. ಮಿದುಳು-ಬೆನ್ನುಹುರಿಯ ದ್ರವದ ದಾರಿ ಹಿಡಿದ ಡೋಸನ್ನು ಹಿಂದಕ್ಕೆ ತರಲಾಗದು. ಈ ಹೆಜ್ಜೆಯಲ್ಲಿ ಆತುರಕ್ಕೆ ಜಾಗವೇ ಇಲ್ಲ.

ಡೋಸ್ ಲೆಕ್ಕವೇ ಇಲ್ಲಿಯ ತಿರುಳು. ಮೊದಲು ಕುಳಿಯ ಗಾತ್ರ ನೋಡದೆ ಎಲ್ಲರಿಗೂ ಒಂದೇ ಪ್ರಮಾಣ ಕೊಡುತ್ತಿದ್ದರು. ಹೊಸ ರೋಗಿಗಳಲ್ಲಿ ಗರಿಷ್ಠ ಮಿತಿ 120 ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆ), ಮರುಕಳಿಸಿದವರಲ್ಲಿ 100. ಆದರೆ ಅಷ್ಟೇ ಔಷಧ ಪುಟ್ಟ ಕುಳಿಯ ಗೋಡೆಯನ್ನು ಸುಡುತ್ತದೆ, ದೊಡ್ಡ ಕುಳಿಗೆ ಸಾಲದಾಗುತ್ತದೆ. ಹಾಗಾಗಿ ಸುತ್ತಲಿನ 2 ಸೆಂ.ಮೀ. ಪದರಕ್ಕೆ 44 ಗ್ರೇ (ಅಂಗಾಂಶ ಹೀರುವ ವಿಕಿರಣದ ಅಳತೆ) ಎಂಬ ಗುರಿ ಬಂತು. ಅದಕ್ಕಿಂತ ಕಡಿಮೆಯಾದರೆ ಗೆಡ್ಡೆ ಮರಳುವ ಭಯ, ಹೆಚ್ಚಾದರೆ ಮಿದುಳಿನ ಅಂಗಾಂಶ ಸಾಯುವ ಭಯ. ಎಂಆರ್‌ಐಯಿಂದ ಕುಳಿಯ ಗಾತ್ರ ಅಳೆದು, ಅದೇ ಪ್ರತಿಕಾಯದ ಸಣ್ಣ ಪರೀಕ್ಷಾ ಡೋಸ್ ಬಿಟ್ಟು, ಅದು ಎಷ್ಟು ಹೊತ್ತು ಒಳಗುಳಿಯುತ್ತದೆಂದು ಸರಣಿ ಸ್ಕ್ಯಾನ್‌ಗಳಲ್ಲಿ ನೋಡಬೇಕು. ಮಿಲಿಕ್ಯೂರಿಗೆ 0.5 ಗ್ರೇ ಬೀಳುತ್ತದೆಂದು ಲೆಕ್ಕ ಬಂತೆನ್ನಿ: 44 ಭಾಗಿಸು 0.5, ಅಂದರೆ 88 ಮಿಲಿಕ್ಯೂರಿ, ಇನ್ನೊಂದು ಮಾನದಲ್ಲಿ ಸುಮಾರು 3.26 ಗಿಗಾಬೆಕ್ವೆರೆಲ್.

ಥೈರಾಯ್ಡ್ ಮರೆಯಬೇಡಿ. ಪ್ರತಿಕಾಯದಿಂದ ಕಳಚಿದ ಅಯೋಡಿನ್ ಅಲ್ಲಿಗೇ ಓಡುತ್ತದೆ. 48 ಗಂಟೆ ಮೊದಲೇ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಮತ್ತು ಲಿಯೊಥೈರೊನಿನ್ ಎಂಬ ಥೈರಾಯ್ಡ್ ಹಾರ್ಮೋನ್ ಶುರುವಾಗಿರಬೇಕು.

ಕೊಡುವಾಗ ರಿಸರ್ವಾಯರ್‌ಗೆ ಸಣ್ಣ ಸೂಜಿ ಚುಚ್ಚಿ, ಕುಳಿಯ ದ್ರವ ಹೊರತೆಗೆದು, ಔಷಧ ನಿಧಾನವಾಗಿ ಬಿಟ್ಟು, ಸಲೈನ್‌ನಿಂದ ತೊಳೆಯಿರಿ. ತೆಗೆದದ್ದಕ್ಕಿಂತ ಹೆಚ್ಚು ತುಂಬಿದರೆ ಒತ್ತಡ ಏರುತ್ತದೆ. ತೊಳೆಯದಿದ್ದರೆ ಡೋಸಿನ ಒಂದು ಪಾಲು ನಳಿಕೆಯಲ್ಲೇ ಉಳಿಯುತ್ತದೆ. ಅಯೋಡಿನ್-131ರ ಅರ್ಧಾಯುಷ್ಯ 8 ದಿನ, ಗಾಮಾ ಕಿರಣವೂ ಹೊಮ್ಮುವುದರಿಂದ ಪ್ರತ್ಯೇಕ ಕೋಣೆ ಬೇಕು. ಮೂತ್ರದಲ್ಲೂ ವಿಕಿರಣ ಇರುತ್ತದೆ, ಶುಶ್ರೂಷೆ ಮಾಡುವವರು ಗ್ಲೌಸ್ ಬಿಡಬಾರದು.

ತಿಂಗಳುಗಳ ನಂತರ ಎಂಆರ್‌ಐಯಲ್ಲಿ ಕುಳಿಯ ಸುತ್ತ ಹೊಳೆಯುವ ಉಂಗುರ ಕಂಡ ಕೂಡಲೇ ರೋಗ ಮರಳಿತೆಂದು ತೀರ್ಮಾನಿಸಬೇಡಿ. ವಿಕಿರಣದಿಂದ ಸತ್ತ ಅಂಗಾಂಶವೂ ಹಾಗೇ ಕಾಣುತ್ತದೆ. ಪೆಟ್ ಸ್ಕ್ಯಾನ್ ಸ್ವಲ್ಪ ಸುಳಿವು ಕೊಟ್ಟೀತು, ಅನುಮಾನ ಉಳಿದರೆ ಅಂಗಾಂಶದ ತುಣುಕು ತೆಗೆದು ನೋಡುವ ಬಯಾಪ್ಸಿಯೇ ಗತಿ. ಇಲಿ ಪ್ರತಿಕಾಯವಾದ್ದರಿಂದ ರೋಗಿಯ ದೇಹ ಅದರ ವಿರುದ್ಧವೇ ಪ್ರತಿಕಾಯ ತಯಾರಿಸಬಹುದು. ಎರಡನೇ ಡೋಸ್ ಯೋಚನೆಯಿದ್ದರೆ ರಕ್ತದಲ್ಲಿ ಅದನ್ನು ಮೊದಲು ಪರೀಕ್ಷಿಸಿ.