ಎರೆ ಮಣ್ಣಿನಲ್ಲಿ ನೆಟ್ಟಗೆ ನಿಂತ ಬೋರ್ಡು: ನನ್ನ ಅನುಭವ

ಕಲಬುರಗಿಯಲ್ಲಿ ದೊಡ್ಡ ಬೋರ್ಡು ವಾಲಿದರೆ ಎಲ್ಲರೂ ಮೊದಲು ನೋಡುವುದು ವೆಲ್ಡಿಂಗನ್ನು. ಆಂಗಲ್ ತೆಳುವಾಯಿತು, ಪೈಪಿನ ಗೇಜ್ ಕಡಿಮೆಯಾಯಿತು, ಬೋಲ್ಟ್ ಸಡಿಲ ಬಿಟ್ಟರು ಎನ್ನುತ್ತಾರೆ. ಈ ಊರಿನಲ್ಲಿ ಇಷ್ಟು ವರ್ಷ ಬೋರ್ಡು ನಿಲ್ಲಿಸಿದ ಮೇಲೆ ನಾನು ಹೇಳುವುದು ಒಂದೇ: ನಮ್ಮಲ್ಲಿ ಬೋರ್ಡು ಕೆಡುವುದು ನೆಲದೊಳಗೆ, ಎರೆ ಎನ್ನುವ ಕಪ್ಪು ಮಣ್ಣಿನಲ್ಲಿ. ಅದನ್ನು ಸರಿಪಡಿಸುವ ದಾರಿ ಸಿಕ್ಕಿದೆ, ಅದು ಬೇಸಿಗೆಯ ಬಿರುಗಾಳಿಗಳನ್ನು ತಡೆದು ನಿಂತಿದೆ. ಆಗ ಇದು ಆಗದು ಎಂದು ತಲೆಯಾಡಿಸಿದವರೇ ಈಗ ಫೋನ್ ಮಾಡಿ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಎರಡು ಕಾಲಿನ ಬೋರ್ಡಿನ ವಿಷಯ. ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರ, ನೆಲದಿಂದ ಹತ್ತು ಅಡಿ ಮೇಲೆ. ಹುಮನಾಬಾದ್ ರಸ್ತೆ, ಸೇಡಂ ರಸ್ತೆ, ರಿಂಗ್ ರಸ್ತೆಯ ಅಂಗಡಿಕಾರರು ಹೆಚ್ಚಾಗಿ ಕೇಳುವುದು ಇದನ್ನೇ.

ಗಾಳಿಯ ಲೆಕ್ಕಕ್ಕೆ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗವಿದೆ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಹೈದರಾಬಾದಿಗೆ 44 ಮೀಟರ್ ವೇಗ ಕೊಟ್ಟಿದ್ದಾರೆ. ಬೆಂಗಳೂರಿನಿಂದ ತರಿಸಿದ ನಕ್ಷೆಯನ್ನು ಹಾಗೆಯೇ ಇಲ್ಲಿ ನಿಲ್ಲಿಸುವವರನ್ನು ಕಂಡಿದ್ದೇನೆ. ನಾನು ಕಣ್ಣು ಮುಚ್ಚಿ 44 ಹಿಡಿಯುತ್ತೇನೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ. 44ಕ್ಕೆ ಅದು ಚದರ ಅಡಿಗೆ ಸುಮಾರು ಹನ್ನೊಂದು ಕಿಲೋ, 33ಕ್ಕೆ ಆರು ಕಿಲೋ ಚಿಲ್ಲರೆ. ಇನ್ನೂರು ಚದರ ಅಡಿ ಬೋರ್ಡಿನ ಮೇಲೆ ಎರಡು ಟನ್ನಿಗೂ ಹೆಚ್ಚು. ಬೋರ್ಡಿನ ಆಕಾರದ ಗುಣಕ ಸೇರಿಸಿದರೆ ಎರಡೂವರೆ ಟನ್ ಎಂದಿಟ್ಟುಕೊಳ್ಳಿ. ಇಷ್ಟು ಭಾರ ನೆಲದಿಂದ ಹದಿನೈದು ಅಡಿ ಎತ್ತರದಲ್ಲಿ ಅಡ್ಡಲಾಗಿ ನೂಕುತ್ತದೆ.

ಇದಕ್ಕೆ ಎದುರಾಗಿ ನಾವೆಲ್ಲ ಹಾಕುತ್ತಿದ್ದುದು ಏನು? ಒಂದೊಂದು ಕಾಲಿಗೆ ಮೂರಡಿ ಅಗಲ, ಮೂರಡಿ ಉದ್ದ, ನಾಲ್ಕಡಿ ಆಳದ ಗುಂಡಿ. ಅದರಲ್ಲಿ ಕಾಂಕ್ರೀಟು, ನಾಲ್ಕು ಫೌಂಡೇಶನ್ ಬೋಲ್ಟು, ಮೇಲೆ ಬೇಸ್ ಪ್ಲೇಟು. ಆ ಕಾಂಕ್ರೀಟಿನ ತೂಕ ಎರಡೂವರೆ ಟನ್ನಿನ ಹತ್ತಿರ ಬರುತ್ತದೆ, ಸಾಕಲ್ಲವೇ ಎನಿಸುತ್ತದೆ. ಸಾಲುವುದಿಲ್ಲ. ಬೋರ್ಡನ್ನು ಉರುಳಿಸುವ ಬಲದಲ್ಲಿ ಐದರಲ್ಲೊಂದು ಪಾಲನ್ನು ಮಾತ್ರ ಆ ತೂಕ ತಡೆಯುತ್ತದೆ. ಉಳಿದದ್ದನ್ನೆಲ್ಲ ಸುತ್ತಲಿನ ಮಣ್ಣು ಹಿಡಿದುಕೊಳ್ಳಬೇಕು.

ನಮ್ಮ ಎರೆ ಮಣ್ಣು ಯಾವಾಗ ಕೈ ಬಿಡುತ್ತದೆ ಎಂದು ಇಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ಏಪ್ರಿಲ್ ಕೊನೆಗೆ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕಾಂಕ್ರೀಟಿನ ಸುತ್ತಲೂ ಹಾಗೆಯೇ. ಮೇ ತಿಂಗಳಲ್ಲಿ ಯಾವುದಾದರೂ ಹಳೆಯ ಬೋರ್ಡಿನ ಬುಡಕ್ಕೆ ಹೋಗಿ ನೋಡಿ. ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಎರಡು ಬೆರಳು ಸಂದು ಕಾಣುತ್ತದೆ. ಆ ಸಂದಿನಲ್ಲಿ ಸರಳು ಬಿಟ್ಟರೆ ಮೊಣಕಾಲು ಆಳಕ್ಕೆ ಇಳಿಯುತ್ತದೆ. ಸರಿಯಾಗಿ ಆ ಹೊತ್ತಿಗೇ ಭರಣಿ, ಕೃತ್ತಿಕಾ ಮಳೆಯ ಬಿರುಗಾಳಿ ಬೀಸುತ್ತದೆ. ವರ್ಷದಲ್ಲಿ ಗಾಳಿ ಅತಿ ಜೋರಾಗಿರುವ ಕಾಲದಲ್ಲಿಯೇ ನೆಲದ ಹಿಡಿತ ಅತಿ ಕಡಿಮೆ. ವೆಲ್ಡಿಂಗ್ ಎಷ್ಟು ಗಟ್ಟಿ ಮಾಡಿದರೇನು?

ಇದಕ್ಕೆ ಪರಿಹಾರ ಹುಡುಕುತ್ತ ಬಹಳ ದುಡ್ಡು ಕಳೆದೆ. ಗುಂಡಿ ದೊಡ್ಡದು ಮಾಡಿ ಸುತ್ತ ಮುರುಮ್ (ಗರಸು ಮಣ್ಣು) ತುಂಬಿ ಕುಟ್ಟುವುದನ್ನು ಮೊದಲು ನೋಡಿದೆ. ಗಾರೆ ಕೆಲಸದ ಎಲ್ಲ ಗೌಂಡಿಗಳೂ ಹೇಳುವುದು ಅದನ್ನೇ. ಬೇಸಿಗೆ ದಾಟಿತು, ಮಳೆಗಾಲದಲ್ಲಿ ಕೆಟ್ಟಿತು. ನೀರು ಮುರುಮಿನಲ್ಲಿ ಇಳಿದು ಎರೆಯ ಗುಂಡಿಯಲ್ಲಿ ನಿಂತು, ಕೆಳಗಿನ ಮಣ್ಣು ಉಬ್ಬಿ ಒಂದು ಕಾಲನ್ನು ಮೇಲಕ್ಕೆ ಎತ್ತಿಬಿಟ್ಟಿತು. ಬೋರ್ಡು ಬೀಳಲಿಲ್ಲ. ಆದರೆ ಮೇಲ್ಗಡೆ ಒಂದು ಗೇಣು ಓರೆಯಾಯಿತು, ಸಾಹುಕಾರರು ಕೊನೆಯ ಕಂತು ಹಿಡಿದುಕೊಂಡರು. ಸುಮಾರು ಮೂವತ್ತು ಸಾವಿರ ಅಲ್ಲಿಗೆ ಹೋಯಿತು. ಆಮೇಲೆ ಮಣ್ಣಿಗೆ ಸುಣ್ಣ ಬೆರೆಸಿದೆ. ಸುಣ್ಣದಿಂದ ಎರೆಯ ಉಬ್ಬರ ನಿಜವಾಗಿಯೂ ತಗ್ಗುತ್ತದೆ, ಆದರೆ ನಾಲ್ಕಡಿ ಆಳದಲ್ಲಿ ಸಮನಾಗಿ ಬೆರೆಸುವುದು ಸಲಿಕೆಯಿಂದ ಆಗುವ ಕೆಲಸವಲ್ಲ. ಸ್ಟೇ ತಂತಿ ಕಟ್ಟುವುದನ್ನು ನಾನು ಯೋಚಿಸಲೂ ಇಲ್ಲ, ಅದು ಜನ ನಡೆಯುವ ಜಾಗಕ್ಕೆ ಬರುತ್ತದೆ.

ದಾರಿ ತೋರಿದವರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಯ ಮನೆಗಳಿಗಾಗಿಯೇ ರೂಪಿಸಿದ ಅಂಡರ್-ರೀಮ್ಡ್ ಪೈಲ್ ವಿಧಾನವನ್ನು ಅವರು ಹೇಳಿದರು. ನೆಲದಲ್ಲಿ ಒಂದಡಿ ವ್ಯಾಸದ ತೂತು ಕೊರೆದು, ಬುಡದ ಹತ್ತಿರ ಅದನ್ನು ಎರಡೂವರೆ ಪಟ್ಟು ಹಿಗ್ಗಿಸಿ, ಸರಳು ಇಳಿಸಿ ಕಾಂಕ್ರೀಟು ತುಂಬುವುದು. ಆಳ ಕನಿಷ್ಠ ಮೂರೂವರೆ ಮೀಟರ್. ಅಷ್ಟು ಕೆಳಗೆ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ, ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬುಡದ ಉಬ್ಬನ್ನು ನಮ್ಮ ಹುಡುಗರು ಗಡ್ಡೆ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ.

"ಅಣ್ಣಾ, ಮನೆಗೆ ಹಾಕುವ ಪಾಯವನ್ನು ಬೋರ್ಡಿಗೆ ಹಾಕುತ್ತೀರಾ? ಬೋರ್ಡಿಗೆ ತೂಕವೆಲ್ಲಿದೆ?" ಎಂದು ನನ್ನ ಗೌಂಡಿಯೇ ಕೇಳಿದ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಹಳೆಯ ಕಸುಬುದಾರರೂ ಅದನ್ನೇ ಹೇಳಿದರು. ಅವರೆಲ್ಲ ನೋಡಿದ್ದು ಮೇಲಿನಿಂದ ಕೆಳಗೆ ಬರುವ ಭಾರವನ್ನು ಮಾತ್ರ. ನನಗೆ ಬೇಕಾಗಿದ್ದದ್ದು ನೆಲದಿಂದ ಕೀಳದಂತೆ ಹಿಡಿಯುವ ಶಕ್ತಿ, ಅದನ್ನು ಗಡ್ಡೆ ಕೊಡುತ್ತದೆ.

ಒಂದು ಕಾಲಿಗೆ ಒಂದು ಪೈಲ್ ಹಾಕಲಿಲ್ಲ, ಎರಡು ಹಾಕಿದೆ. ಒಂದು ಮುಂದೆ, ಒಂದು ಹಿಂದೆ, ನಡುವೆ ಐದಡಿ. ಎರಡರ ತಲೆಯನ್ನೂ ಕಾಂಕ್ರೀಟು ಬೀಮಿನಿಂದ ಜೋಡಿಸಿ, ಬೀಮಿನ ನಡುವೆ ಕಾಲು ನಿಲ್ಲಿಸಿದೆ. ಗಾಳಿ ಮುಂದಿನಿಂದ ಹೊಡೆದಾಗ ಮುಂದಿನ ಪೈಲ್ ಮೇಲಕ್ಕೆ ಎಳೆಯುತ್ತದೆ, ಹಿಂದಿನದು ಕೆಳಕ್ಕೆ ಒತ್ತುತ್ತದೆ. ಲೆಕ್ಕ ಹಾಕಿದರೆ ಪೈಲಿಗೆ ನಾಲ್ಕು ಟನ್ನಿನ ಆಸುಪಾಸು. ಪೈಲುಗಳ ಮಾನಕವಾದ ಐಎಸ್ 2911ರ ಮೂರನೆಯ ಭಾಗದ ಕೋಷ್ಟಕದಲ್ಲಿ ಒಂದಡಿ ವ್ಯಾಸದ, ಒಂದೇ ಗಡ್ಡೆಯ ಪೈಲಿಗೆ ಎಳೆತದಲ್ಲಿ ಎಂಟು ಟನ್ ಕೊಟ್ಟಿದ್ದಾರೆ. ಅರ್ಧದಲ್ಲೇ ಮುಗಿಯಿತು. ಮೇಲಿನ ನಾಲ್ಕಡಿ ಮಣ್ಣು ಪೂರ್ತಿ ಬಿರಿದರೂ ನನಗೆ ಚಿಂತೆಯಿಲ್ಲ.

ಬೀಮನ್ನು ನೆಲದ ಮೇಲೆ ಕೂರಿಸಬಾರದು. ಇದನ್ನು ಮರೆತರೆ ಉಳಿದ ಖರ್ಚೆಲ್ಲ ನೀರುಪಾಲು. ಮಳೆಗಾಲದಲ್ಲಿ ಮೇಲಿನ ಮಣ್ಣು ಉಬ್ಬಿ ಬೀಮನ್ನು ಎತ್ತುತ್ತದೆ. ಕೆಳಗೆ ಮೂರು ಇಂಚಿಗಿಂತ ಕಡಿಮೆಯಿಲ್ಲದ ಸಂದು ಬಿಡಬೇಕು. ನಾನು ಮರಳಿನ ಹಾಸಿನ ಮೇಲೆ ಬೀಮ್ ಹಾಕಿ, ಗಟ್ಟಿಯಾದ ಮೇಲೆ ಮರಳನ್ನು ಕೆದರಿ ತೆಗೆಸುತ್ತೇನೆ. ಸಂದಿನ ಬಾಯಿಗೆ ಶಹಾಬಾದ್ ಫರಸಿಯ ತುಂಡನ್ನು ಓರೆಯಾಗಿ ಒರಗಿಸಿದರೆ ಮಣ್ಣು ಒಳಗೆ ಜಾರುವುದಿಲ್ಲ. ಬೇಸಿಗೆಯಲ್ಲಿ ಅದನ್ನು ಸರಿಸಿ ಕೈ ಹಾಕಿದರೆ ಹಸ್ತ ಆಚೆಯವರೆಗೂ ಆಡುತ್ತದೆ. ಶ್ರಾವಣದಲ್ಲಿ ಬೆರಳಷ್ಟೇ ಹೋಗುತ್ತದೆ. ಮಣ್ಣು ಎಷ್ಟು ಏರಿತು ಎನ್ನುವುದು ಅಲ್ಲೇ ತಿಳಿಯುತ್ತದೆ. ತೂಗುಗುಂಡು ಹಿಡಿದು ನೋಡಿದರೆ ಕಾಲು ಮಾತ್ರ ಒಂದು ನೂಲೂ ಅಲುಗಿಲ್ಲ.

ಕೊರೆಯುವುದಕ್ಕೆ ಕೈ ಆಗರ್, ಅಂದರೆ ದೊಡ್ಡ ಬೈರಿಗೆ, ಸಾಕು. ನಾಲ್ವರು ಆಳುಗಳು ಹಿಡಿಕೆ ಹಿಡಿದು ಸುತ್ತುತ್ತಾರೆ. ಗಡ್ಡೆ ಕತ್ತರಿಸುವ ಸಾಧನವನ್ನು ಹೈದರಾಬಾದಿನಿಂದ ಹಳೆಯದನ್ನು ತಂದೆ, ರೆಕ್ಕೆಗಳನ್ನು ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಮಾಡಿಸಿದೆ. ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಒಳಗೆ. ಗಡ್ಡೆ ಕತ್ತರಿಸಿದ ಮೇಲೆ ತಳದಲ್ಲಿ ಉಳಿಯುವ ಸಡಿಲ ಮಣ್ಣೇ ಈ ಕೆಲಸದ ಶತ್ರು. ಹಗ್ಗಕ್ಕೆ ಗುಂಡು ಕಟ್ಟಿ ಇಳಿಸಿದರೆ ಸದ್ದಿನಿಂದ ಗೊತ್ತಾಗುತ್ತದೆ: ಸಡಿಲ ಮಣ್ಣಿದ್ದರೆ ಮೆತ್ತಗೆ, ತೆಗೆದಾದರೆ ಟಕ್ ಎನ್ನುತ್ತದೆ. ಅದನ್ನು ಪೂರ್ತಿ ಮೇಲೆ ತರಲು ನಾನು ಮಾಡಿಕೊಂಡಿರುವ ಒಂದು ಡಬ್ಬಿಯಿದೆ, ಅದರ ಮಾಪು ಇಲ್ಲಿ ಕೊಡುವುದಿಲ್ಲ. ಕಸುಬಿನಲ್ಲಿ ನನಗೂ ಏನಾದರೂ ಉಳಿಯಬೇಕು.

ಹಣದ ಮಾತು. ಹಳೆಯ ಪದ್ಧತಿಯ ಎರಡು ಗುಂಡಿಗೆ ಹದಿನೈದು ಸಾವಿರದವರೆಗೆ ಆಗುತ್ತಿತ್ತು. ನಾಲ್ಕು ಪೈಲು, ಎರಡು ಬೀಮು ಸೇರಿ ಐವತ್ತರ ಹತ್ತಿರ. ಬೋರ್ಡಿನ ಒಟ್ಟು ಖರ್ಚು ಎರಡು ಲಕ್ಷ ಚಿಲ್ಲರೆ ಇರುವಾಗ ಈ ಮೂವತ್ತೈದು ಸಾವಿರ ಹೆಚ್ಚಿಗೆ ಕೇಳುವುದು ಸುಲಭವಲ್ಲ. ಮೊದಲನೆಯ ಕೆಲಸದಲ್ಲಿ ಆ ಹೆಚ್ಚುವರಿಯನ್ನು ನಾನೇ ಹಾಕಿದೆ. ರಿಂಗ್ ರಸ್ತೆಯ ಬಟ್ಟೆ ಅಂಗಡಿ. "ಬಿದ್ದರೆ ನಿಮ್ಮ ದುಡ್ಡು ವಾಪಸ್, ನಿಂತರೆ ಮುಂದಿನ ವರ್ಷ ಕೊಡಿ" ಎಂದು ಸಾಹುಕಾರರಿಗೆ ಹೇಳಿದೆ. ಮರು ಬೇಸಿಗೆಯಲ್ಲಿ ಒಂದು ಸಂಜೆ ಬಂದ ಗಾಳಿಗೆ ಅದೇ ಸಾಲಿನಲ್ಲಿ ಎರಡು ಬೋರ್ಡು ಮಲಗಿದವು, ಒಂದು ತಗಡಿನ ಶೆಡ್ಡು ಹಾರಿತು. ನಮ್ಮದು ನಿಂತಿತ್ತು. ಸಾಹುಕಾರರು ಕೇಳದೆಯೇ ಹಣ ಕಳಿಸಿದರು.

ಬೀದರಿನಲ್ಲಿ ಇದೆಲ್ಲ ಬೇಡ. ಊರು ಕುಳಿತಿರುವುದೇ ಜಂಬಿಟ್ಟಿಗೆಯ ಮೇಲೆ, ಅಲ್ಲಿ ಹಳೆಯ ಗುಂಡಿಯೇ ಸಾಕು. ಕಲಬುರಗಿಯಲ್ಲೂ ಐದಾರು ಅಡಿಗೆ ಗಟ್ಟಿ ಮುರುಮ್ ಹತ್ತುವ ಕಡೆ ಗಡ್ಡೆಯ ಖರ್ಚಿಗೆ ಹೋಗುವುದಿಲ್ಲ, ಬೇರೆ ಲೆಕ್ಕ ಹಾಕುತ್ತೇನೆ.

ಮೇಲಿನ ಭಾಗದಲ್ಲೂ ಕೆಲವು ಪ್ರಯೋಗ ಮಾಡಿದ್ದೇನೆ. ಫ್ಲೆಕ್ಸಿನಲ್ಲಿ ಅರ್ಧಚಂದ್ರಾಕಾರದ ಕಿಂಡಿ ಕತ್ತರಿಸಿದರೆ ಗಾಳಿ ದಾಟಿಹೋಗುತ್ತದೆ ಎಂಬ ನಂಬಿಕೆಯಿದೆ. ಸ್ಪ್ರಿಂಗ್ ತಕ್ಕಡಿ ಕಟ್ಟಿ ನೋಡಿದೆ, ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಹರಿಯುವುದು ಮಾತ್ರ ಆ ಕಿಂಡಿಯಿಂದಲೇ ಶುರುವಾಯಿತು. ಜಾಳಿಗೆ ಬಟ್ಟೆಯ ಮೇಲಿನ ಮುದ್ರಣ ಗಾಳಿಗೆ ಒಳ್ಳೆಯದು, ಬಣ್ಣ ಮಂಕು. ಹೇಗಿದ್ದರೂ 2016ರ ಮಾರ್ಚಿನ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್, ಬ್ಯಾನರುಗಳೂ ಸೇರಿವೆ. ನಾನು ಎಸಿಪಿ ಹಾಳೆಗೆ (ನಡುವೆ ಪ್ಲಾಸ್ಟಿಕ್ ಪದರವಿರುವ ಅಲ್ಯೂಮಿನಿಯಂ ಹಾಳೆ) ಬಂದಿದ್ದೇನೆ. ಎಸಿಪಿಗೆ ನಮ್ಮ ಬಿಸಿಲಿನ ಲೆಕ್ಕ ಬೇಕು. ನೆರಳಲ್ಲೇ 44 ಡಿಗ್ರಿ ಇರುವಾಗ ಬಿಸಿಲಿಗೆ ಕಾದ ಹಾಳೆ ಮುಟ್ಟಲಾಗುವುದಿಲ್ಲ. ಎಂಟಡಿ ಹಾಳೆ ಚಳಿಗಾಲದ ಬೆಳಗ್ಗೆಗೂ ಮೇ ಮಧ್ಯಾಹ್ನಕ್ಕೂ ಮೂರು ಮಿಲಿಮೀಟರ್ ಹಿಗ್ಗುತ್ತದೆ. ಹತ್ತು ಮಿಲಿಮೀಟರ್ ಸಂದು ಬಿಟ್ಟು ಸಿಲಿಕಾನ್ ತುಂಬಿದರೆ ಉಬ್ಬುವುದಿಲ್ಲ.

ಬೋರ್ಡಿನ ಮುಖದ ಬರಹಕ್ಕೆ 2024ರ ಫೆಬ್ರುವರಿಯಲ್ಲಿ ಅಂಗೀಕಾರವಾದ, ರಾಜ್ಯದ ಕನ್ನಡ ಭಾಷಾ ಕಾಯ್ದೆಯ ತಿದ್ದುಪಡಿ ಇದೆ: ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ. ನಮ್ಮೂರಿನಲ್ಲಿ ಉರ್ದು, ಹಿಂದಿ, ಇಂಗ್ಲಿಷ್ ಎಲ್ಲವನ್ನೂ ಕೇಳುವ ಗಿರಾಕಿಗಳಿದ್ದಾರೆ. ಉಳಿದ ಶೇ 40ರಲ್ಲಿ ಅವನ್ನು ಹೊಂದಿಸಬೇಕು. ಕನ್ನಡದ ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕಾದ್ದರಿಂದ ಮೇಲಿನ ಆರಡಿಯನ್ನು ಕನ್ನಡಕ್ಕೇ ಬಿಟ್ಟು ವಿನ್ಯಾಸ ಶುರು ಮಾಡುತ್ತೇನೆ. ಸ್ಟೀಲಿನ ಉಬ್ಬಕ್ಷರಗಳ ಭಾರವೆಲ್ಲ ಮೇಲೆ ಹೋಗುತ್ತದೆ, ಆ ಪಟ್ಟಿಯ ಹಿಂದೆ ಇನ್ನೊಂದು ಅಡ್ಡ ಆಂಗಲ್ ಹಾಕಿ.

ಜಾಗದ ವಿಷಯದಲ್ಲಿ ನಾನು ಮಣಿಯುವುದಿಲ್ಲ. ನಗರಪಾಲಿಕೆಗಳ 1976ರ ಅಧಿನಿಯಮದ ಪ್ರಕಾರ ಆಯುಕ್ತರ ಲಿಖಿತ ಅನುಮತಿಯಿಲ್ಲದೆ ಜಾಹೀರಾತು ನಿಲ್ಲಿಸುವಂತಿಲ್ಲ. ರಸ್ತೆ ಬದಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 46ನೇ ಸಂಹಿತೆಯಿದೆ. ಕೂಡು ರಸ್ತೆಯಿಂದ ನೂರು ಮೀಟರ್, ಊರೊಳಗೆ ಐವತ್ತು. ವಾಹನ ಓಡುವ ಅಂಚಿನಿಂದ ಹತ್ತು ಮೀಟರ್. 11 ಕೆವಿ ತಂತಿಯಿಂದ ಅಡ್ಡಲಾಗಿ 1.2 ಮೀಟರ್, ಮೇಲ್ಮುಖವಾಗಿ 3.7 ಮೀಟರ್ ಅಂತರ ನಿಯಮದಲ್ಲಿದೆ. ಪೈಪು ಎತ್ತುವಾಗ ಅದು ಎತ್ತ ತೂಗಾಡುತ್ತದೋ ಹೇಳಲಾಗದು, ಆದ್ದರಿಂದ ನಾನು ಪಕ್ಕಕ್ಕೂ ಮೂರು ಮೀಟರಿಗಿಂತ ಹತ್ತಿರ ಹೋಗುವುದಿಲ್ಲ. ಹೋಗಲೇಬೇಕಾದರೆ ವಿದ್ಯುತ್ ಕಂಪನಿ ಜೆಸ್ಕಾಂನವರಿಂದ ಲೈನ್ ಬಂದ್ ಮಾಡಿಸುತ್ತೇನೆ. ದೀಪವಿರುವ ಬೋರ್ಡಿಗೆ, ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದೆ ಕೈ ಹಚ್ಚುವುದಿಲ್ಲ. ಬಿರಿದ ಎರೆಯಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೆ ನೀರು ಹಾಕಿಸುತ್ತಿರಬೇಕು. ಸ್ಟೇಷನ್ ರಸ್ತೆಯ ಹಳೆಯ ಕಲ್ಲು ಮಾಳಿಗೆಗಳ ಪ್ಯಾರಪೆಟ್ಟಿಗೆ ಬೋರ್ಡು ಕಟ್ಟಿಕೊಡಿ ಎಂದು ಬಂದವರನ್ನು ವಾಪಸ್ ಕಳಿಸಿದ್ದೇನೆ. ನಾಲ್ಕೂವರೆ ಇಂಚಿನ ಗೋಡೆ ಗಾಳಿಗೆ ನಿಲ್ಲುವುದಿಲ್ಲ.

ಪೈಲಿನ ನಕ್ಷೆಯನ್ನು ಮೊದಲ ಸಲ ಅರ್ಜಿಗೆ ಲಗತ್ತಿಸಿದಾಗ ಕಚೇರಿಯಲ್ಲಿ ಅದನ್ನು ಬಿಚ್ಚಿ ನೋಡಿದವರಿಲ್ಲ. 2024ರ ಮೇ 13ರಂದು ಮುಂಬೈನ ಘಾಟ್ಕೋಪರಿನಲ್ಲಿ ದೈತ್ಯ ಫಲಕ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಸತ್ತರು. ಅಲ್ಲಿನ ಮಿತಿ ನಲವತ್ತಡಿಗೆ ನಲವತ್ತಡಿ, ಅದು ಇದ್ದದ್ದು ನೂರಿಪ್ಪತ್ತಕ್ಕೆ ನೂರಿಪ್ಪತ್ತರ ಆಸುಪಾಸು. ಆ ಸುದ್ದಿ ಬಂದ ಮೇಲೆ ಎಂಜಿನಿಯರ ಸಹಿಯಿರುವ ಸ್ಥಿರತೆಯ ಪ್ರಮಾಣಪತ್ರವನ್ನು ಗಿರಾಕಿಗಳೇ ಕೇಳತೊಡಗಿದ್ದಾರೆ. ಅದನ್ನು ಸಹಿ ಮಾಡುವ ಎಂಜಿನಿಯರು ನೆಲದ ಕೆಳಗಿನ ನಕ್ಷೆಯನ್ನೂ ನೋಡಬೇಕು, ಸ್ಥಳಕ್ಕೂ ಬರಬೇಕು ಎಂಬುದು ನನ್ನ ಹಟ. ಅವರ ಶುಲ್ಕವನ್ನು ಅಂದಾಜು ಪಟ್ಟಿಯಲ್ಲಿ ಬೇರೆಯಾಗಿಯೇ ತೋರಿಸುತ್ತೇನೆ.

ಒಂಟಿ ಕಂಬದ ಬೋರ್ಡಿಗೆ ಈ ಲೆಕ್ಕ ನಡೆಯುವುದಿಲ್ಲ, ಪಕ್ಕದಿಂದ ತಿರುಚುವ ಬಲ ಬೇರೆಯೇ ಇದೆ. ಅದನ್ನು ಇನ್ನೂ ನೋಡುತ್ತಿದ್ದೇನೆ. ಎರಡು ಕಾಲಿನದನ್ನು ಮಾಡಿ ನೋಡಬೇಕೆನ್ನುವವರು ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಕೊರೆಯಿರಿ. ಆಗ ಮಣ್ಣಿನಲ್ಲಿ ಹದವಿರುತ್ತದೆ, ಆಗರ್ ಸಲೀಸಾಗಿ ಇಳಿಯುತ್ತದೆ, ಗಡ್ಡೆಯ ಮಾಡು ಕುಸಿಯುವುದಿಲ್ಲ. ಮಾರ್ಚ್ ದಾಟಿದರೆ ಮೇಲಿನ ಹೆಂಟೆ ಒಡೆಯಲಿಕ್ಕೇ ಅರ್ಧ ಕೂಲಿ ಹೋಗುತ್ತದೆ. ಕೊರೆದ ದಿನವೇ ಕಾಂಕ್ರೀಟು ಹಾಕಿ, ರಾತ್ರಿ ತೆರೆದಿಡಬೇಡಿ.